ಮೂರನೇ ರೋಲರಿನ ಹಳದಿ ಬೋರ್ಡು

ಕಾಗದದ ಕಾರ್ಖಾನೆಯಲ್ಲಿ ಬೋರ್ಡು ಬರೆಯುವವಳನ್ನು ಎಲ್ಲರೂ ಬಣ್ಣದಕ್ಕ ಎನ್ನುತ್ತಿದ್ದರು. ಅವಳ ಕಪಾಟಿನಲ್ಲಿ ಬಣ್ಣದ ಡಬ್ಬ ಎರಡೇ. ಕೆಂಪು ಬೋರ್ಡಿಗೆ ಡೇಂಜರ್, ಹಳದಿ ಬೋರ್ಡಿಗೆ ಕಾಷನ್. ತಮ್ಮನನ್ನು ಅಲ್ಲೇ ಕೆಲಸಕ್ಕೆ ಸೇರಿಸುವಾಗ ಅಡುಗೆಮನೆಯಲ್ಲಿ ಕೂರಿಸಿಕೊಂಡು ಅವಳೇ ಪಾಠ ಹೇಳಿದ್ದಳು: ಕಾಷನ್ ಅಂದರೆ ನೋಡಿಕೊಂಡು ಕೈ ಹಾಕು, ಡೇಂಜರ್ ಅಂದರೆ ಕೈಯೇ ಹಾಕಬೇಡ. ಇಂಗ್ಲಿಷ್ ಕಂಡರೆ ಮಾರು ದೂರ ಹಾರುವವನು ಇವೆರಡನ್ನು ಬಾಯಿಪಾಠ ಮಾಡಿ ಪರೀಕ್ಷೆ ದಾಟಿದ್ದ.

ಕಾರ್ಖಾನೆಯ ಪದ್ಧತಿ ಬೇರೆಯೇ ಇತ್ತು. ಕೆಂಪು ಬೋರ್ಡು ತೂಗುಹಾಕಿದರೆ ಯಂತ್ರ ನಿಲ್ಲಬೇಕು. ಮ್ಯಾನೇಜರು ಬಂದು ರುಜು ಹಾಕುವವರೆಗೆ ಯಾರೂ ಮುಟ್ಟುವಂತಿಲ್ಲ. ಹಳದಿಗೆ ಫೋರ್‌ಮನ್ನನ ಬಾಯಿಮಾತು ಸಾಕು. ಹಾಗಾಗಿ ಕೆಂಪು ಡಬ್ಬದ ಮುಚ್ಚಳ ಎರಡು ವರ್ಷದಿಂದ ಅಂಟಿಕೊಂಡೇ ಇತ್ತು.

ಒಂದು ಸೋಮವಾರ ಮೂರನೇ ರೋಲರಿನ ಮುಂದಿನ ಜಾಲರಿ ಕಳಚಿತು. ಫೋರ್‌ಮನ್ ಬಂದು ಒಂದು ಹಳದಿ ಬೇಕೆಂದ.

"ಕೈ ಎಳ್ಕೊಳ್ಳುತ್ತಾ ಸಾರ್?" ಎಂದಳು.

"ಎಳ್ಕೋಬಹುದು."

"ಬಹುದಾ, ಎಳ್ಕೊಳ್ಳೋದೇನಾ?"

"ಮ್ಯಾನೇಜರ್ ಬರೋದು ಬುಧವಾರ. ಅಲ್ಲೀವರೆಗೆ ಕೈ ಕಟ್ಕೊಂಡು ಕೂರೋಣವಾ? ಬರಿಯಮ್ಮ ಸುಮ್ನೆ."

ಬರೆದಳು. ಅಕ್ಷರ ದುಂಡಗೆ ಬಂದವು. ಆ ರೋಲರಿನಲ್ಲಿ ಇವತ್ತು ಯಾರ ಪಾಳಿ ಎಂದು ಕೇಳಬೇಕೆನಿಸಿತು; ಕೇಳಲಿಲ್ಲ.

ಮಧ್ಯಾಹ್ನ ಆ ರೋಲರಿಗೆ ಬಂದವನು ಅವಳ ತಮ್ಮ. ಬೋರ್ಡು ಓದಿದ. ಸಿಕ್ಕಿಕೊಂಡಿದ್ದ ಕಾಗದ ಬಿಡಿಸಲು, ನೋಡಿಕೊಂಡೇ, ಕೈ ಹಾಕಿದ. ಬಲಗೈಯ ನಾಲ್ಕು ಬೆರಳು ಹೋದವು.

ತಿಂಗಳಾದ ಮೇಲೆ ವಿಚಾರಣೆ. ಫೋರ್‌ಮನ್ನನದು ಒಂದೇ ಮಾತು: ಬೋರ್ಡು ಇತ್ತು, ಆಳಿಗೆ ಮೈಮೇಲೆ ಎಚ್ಚರವಿರಲಿಲ್ಲ. ಆ ಮಾತೇ ನಿಜವೆಂದಾದರೆ ತಮ್ಮನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸುತ್ತಾರೆ. ಅದನ್ನು ಅಲ್ಲಗಳೆಯಲು ಬಾಯಿ ಬಿಟ್ಟರೆ ಇವಳಿಗೂ ಅದೇ ಗತಿ. ತಮ್ಮನ ಹೆಂಡತಿ ಹಿಂದಿನ ದಿನವೇ ಹೇಳಿದ್ದಳು, "ಸುಮ್ನಿದ್ದುಬಿಡಿ ಅತ್ತಿಗೆ. ಒಬ್ಬರ ಕೆಲಸವಾದ್ರೂ ಉಳೀಲಿ."

ಅಲ್ಲಿ ಯಾವ ಬೋರ್ಡು ಇರಬೇಕಿತ್ತು ಎಂದು ವಿಚಾರಣೆಯ ಅಧಿಕಾರಿ ಅವಳನ್ನು ಕೇಳಿದ.

"ಕೆಂಪು."

"ಗೊತ್ತಿದ್ದೂ ಹಳದಿ ಬರೆದ್ರಾ?"

"ಬರೆದೆ."

ಫೋರ್‌ಮನ್ನನೇ ಹೇಳಿ ಬರೆಸಿದ್ದು ಎಂದಳು. ಅವನು ನೆನಪಿಲ್ಲ ಎಂದ. ಬಾಯಿಮಾತಿಗೆ ಸಾಕ್ಷಿಯಾಗಿ ಒಂದು ಚೀಟಿಯೂ ಇರಲಿಲ್ಲ, ಅದೂ ಕಾಗದದ ಕಾರ್ಖಾನೆಯಲ್ಲಿ. ಆಳಿನದು ತಪ್ಪಿಲ್ಲ, ಬೋರ್ಡು ಬರೆದವಳದು ಎಂದು ಅಧಿಕಾರಿ ಬರೆದುಕೊಂಡ. ತಮ್ಮನಿಗೆ ಗೇಟಿನಲ್ಲಿ ಕೂರುವ ಕೆಲಸ ಸಿಕ್ಕಿತು. ಇವಳಿಗೆ ವಾರದೊಳಗೆ ಕುಂಚ, ಡಬ್ಬ ಒಪ್ಪಿಸಿ ಹೋಗಲು ಹೇಳಿದರು.

ಕೊನೆಯ ದಿನ ಹೊರಡುವಾಗ ಮೂರನೇ ರೋಲರು ತಿರುಗುತ್ತಿತ್ತು. ಜಾಲರಿ ಇನ್ನೂ ಬಂದಿರಲಿಲ್ಲ. ಅದೇ ಹಳದಿ ಬೋರ್ಡನ್ನು ಒರೆಸಿ ಮತ್ತೆ ತೂಗಿಹಾಕಿದ್ದರು. ಹೊಸಬನೊಬ್ಬ ಅದನ್ನು ಓದುತ್ತಿದ್ದ. ಕೈ ಹಾಕಬೇಡ ಎಂದು ಕೂಗಿ ಹೇಳಿದಳು. ಯಂತ್ರದ ಸದ್ದಿನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ, ತಲೆಯಾಡಿಸಿದ.

ಗೇಟಿನಲ್ಲಿ ತಮ್ಮ ಎಡಗೈಯಿಂದ ಅವಳ ಚೀಲ ತಡಕಿದ. ಎಲ್ಲರದೂ ನೋಡಬೇಕೆಂಬ ನಿಯಮ. ತಲೆ ಎತ್ತದೆ ಹೇಳಿದ:

"ಅಕ್ಷರ ಮಾತ್ರ ಚೆನ್ನಾಗಿತ್ತು ಬಿಡಕ್ಕ."