ಅಕ್ಷಯಾಳಿಗೆ ಇಪ್ಪತ್ತೊಂದು ತುಂಬಿತೇ?

ಬೆಂಗಳೂರಿನ ಅಬ್ಬಿಗೆರೆಯ ತಿರುವಿನಲ್ಲಿ ಹೊಸ ಟ್ಯೂಷನ್ ಬೋರ್ಡು ಎದ್ದಿತ್ತು. ಅದರ ಮೇಲಿನ ಹೆಸರು ಓದಿದ ಅಕ್ಷಯಾ ಕಾಲೇಜಿಗೆ ಹೋಗದೆ ಮನೆಗೆ ವಾಪಸಾದಳು. ಅವಳಿಗೆ ಹನ್ನೆರಡು ವರ್ಷವಿದ್ದಾಗ ಅದೇ ಮೇಷ್ಟ್ರು ಪಾಠದ ನೆಪದಲ್ಲಿ ಅವಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದ. ಆಗ ಅಪ್ಪ ಅಮ್ಮ ಟ್ಯೂಷನ್ ಬಿಡಿಸಿದರು, ಬಾಡಿಗೆ ಮನೆ ಬದಲಿಸಿದರು, ಬಾಯಿ ಮುಚ್ಚಿಕೊಂಡರು. ಹುಡುಗಿಯ ನಿದ್ದೆ ಕೆಟ್ಟಿತು, ಒಂದು ವರ್ಷದ ಓದೂ ಹೋಯಿತು. ಅವನು ಮಾತ್ರ ಆರಾಮಾಗಿದ್ದ. ಬರೆಯುವಾಗಲೇ ನನಗೆ ಮೈ ಉರಿಯುತ್ತದೆ.

"ಅಪ್ಪಾ, ಈ ಸಲ ನಾ ಸುಮ್ನಿರಂಗಿಲ್ಲ," ಎಂದಳು ಅಕ್ಷಯಾ.

ಅಪ್ಪ ಸಂಗಪ್ಪ ವಿಜಯಪುರದ ಕಡೆಯವನು, ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸ. "ಎಂಟ್ ವರ್ಷ ಆತಲ್ಲವ್ವಾ. ಹಳೇದನ್ನ ಕೆದಕಿದ್ರ ಯಾರ್ ಕೇಳ್ತಾರ?" ಎಂದ.

ಅಕ್ಷಯಾ ಪಕ್ಕದ ಮನೆಯ ಶಿಲ್ಪಳನ್ನು ಕರೆದುಕೊಂಡು ಬಂದಳು. ಶಿಲ್ಪ ಉಚಿತ ಕಾನೂನು ನೆರವಿನ ಸ್ವಯಂಸೇವಕಿ.

"ಕೇಳೇ ಕೇಳ್ತಾರೆ ಕಣ್ರೀ!" ಎಂದಳು ಶಿಲ್ಪ. "ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಅಂತಲೇ ಇರೋ ಪೋಕ್ಸೋ ಕಾಯ್ದೆಯಲ್ಲಿ ಪೊಲೀಸ್ ಕಂಪ್ಲೇಂಟ್ ಕೊಡೋಕೆ ಗಡುವೇ ಇಲ್ಲ. ಇವತ್ತೇ ಕೊಡ್ಬಹುದು."

ಅಮ್ಮ ಚನ್ನಕ್ಕ ಮೆಲ್ಲಗೆ ಕೇಳಿದಳು: "ಇಕಿ ಓದಿಗೆ, ಡಾಕ್ಟರ್ ಖರ್ಚಿಗೆ ಆದ ಲುಕ್ಸಾನ ಅವ ತುಂಬಿ ಕೊಡಬೇಕಲ್ರೀ?"

"ಅದಕ್ಕೆ ಸಿವಿಲ್ ದಾವೆ ಹಾಕ್ಬೇಕು. ಅದಕ್ಕೆ ಗಡುವು ಇದೆ. ಆದ್ರೆ ಘಟನೆ ನಡೆದ ದಿನದಿಂದ ಎಣಿಸಲ್ಲ. ಹದಿನೆಂಟು ತುಂಬಿದ ಮೇಲೆ ಸಾಮಾನ್ಯವಾಗಿ ಮೂರು ವರ್ಷ, ಅಂದ್ರೆ ಇಪ್ಪತ್ತೊಂದು ತುಂಬೋದ್ರೊಳಗೆ. ಅಕ್ಷಯಾ, ಎಲ್ಲಿ ನಿನ್ ಡೇಟ್ ಆಫ್ ಬರ್ತ್ ನೋಡೋಣ?"

ಅಕ್ಷಯಾ ಹತ್ತನೇ ತರಗತಿಯ ಅಂಕಪಟ್ಟಿ ಕೊಟ್ಟಳು. ಜೂನ್ ಒಂದು. ಶಿಲ್ಪಳ ಮುಖ ಸಪ್ಪಗಾಯಿತು. ಆ ಲೆಕ್ಕದಲ್ಲಿ ಕಳೆದ ಜೂನಿಗೇ ಇಪ್ಪತ್ತೊಂದು ತುಂಬಿ ಎಂಟು ತಿಂಗಳು ದಾಟಿತ್ತು. ಅಕ್ಷಯಾ ಅಂಕಪಟ್ಟಿಯನ್ನು ವಾಪಸ್ ತೆಗೆದುಕೊಂಡು ಮಡಿಸಿದಳು.

ಸಂಗಪ್ಪ ದಿಗ್ಗನೆ ಎದ್ದ. "ಆ ತಾರೀಖು ಸುಳ್ಳರೀ! ನಾನೇ ಬರೆಸಿದ್ದು! ಇಬ್ರೂ ದುಡಿಯಾಕ ಹೋಗ್ತಿದ್ವಿ, ಕೂಸಿನ್ನ ನೋಡ್ಕೊಳ್ಳಾಕ ಯಾರೂ ಇರಲಿಲ್ಲ. ಆರು ತುಂಬ್ಯಾವ ಅಂತ ಹೇಳಿ ಸಾಲಿಗೆ ಹಾಕಿದ್ನಿ!"

ನಮ್ಮಲ್ಲಿ ಎಷ್ಟು ಜನ ಹೀಗೆ ಮಾಡಿಲ್ಲ ಹೇಳಿ! ಚನ್ನಕ್ಕ ಟ್ರಂಕು ತಡಕಿ ಜನನ ಪ್ರಮಾಣಪತ್ರ ತಂದಳು. ಆಸ್ಪತ್ರೆಯಲ್ಲೇ ಹೆರಿಗೆಯಾಗಿತ್ತು. ತಾರೀಖು ಮರುವರ್ಷದ ಮಾರ್ಚ್ ಹದಿನಾಲ್ಕು, ಅಂಕಪಟ್ಟಿಯ ದಿನಕ್ಕಿಂತ ಒಂಬತ್ತು ತಿಂಗಳು ಈಚೆಗೆ.

"ಇವತ್ತು ಫೆಬ್ರವರಿ ಇಪ್ಪತ್ತೈದು," ಶಿಲ್ಪ ಬೆರಳು ಮಡಿಸಿ ಕೂಗಿಯೇ ಬಿಟ್ಟಳು. "ಇನ್ನೂ ಹದಿನೇಳು ದಿನ ಇದೆ ಕಣೇ!"

ಅಕ್ಷಯಾ ಅಮ್ಮನನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು, ನಕ್ಕರು.

"ಎರಡು ತಾರೀಖು ಇರೋದ್ರಿಂದ ಆ ಕಡೆ ವಕೀಲ್ರು ತಕರಾರು ತೆಗೀತಾರೆ," ಎಂದು ಶಿಲ್ಪ ಎಚ್ಚರಿಸಿದಳು. "ಗೆದ್ದೇ ಗೆಲ್ತೀವಿ ಅಂತ ನಾನು ಹೇಳಲ್ಲ. ಜನನ ಪ್ರಮಾಣಪತ್ರಕ್ಕೆ ತೂಕ ಇದೆ. ಆದ್ರೆ ಅಂಕಲ್, ಶಾಲೇಲಿ ಸುಳ್ಳು ಬರೆಸಿದ್ದು ನಾನೇ ಅಂತ ನೀವು ಕೋರ್ಟಲ್ಲಿ ಹೇಳ್ಬೇಕಾಗುತ್ತೆ."

ಸಂಗಪ್ಪ ತಲೆ ತಗ್ಗಿಸಿದ. "ಮಂದಿ ನಗ್ತಾರ..." ಎಂದವನು ಮಗಳನ್ನು ನೋಡಿದ. "ನಗಲಿ. ಸುಮ್ನಿರು ಅಂತ ನಿನಗ ಹೇಳಿದ್ದ ದೊಡ್ಡ ತಪ್ಪವ್ವಾ. ಜಜ್ಜರ ಮುಂದ ನಾ ನಿಂದ್ರತೀನಿ. ನಡೀರಿ, ಚಪ್ಪಲಿ ಹಾಕ್ಕೋರಿ!"

ಅಂದು ಸಂಜೆಯೇ ಪೊಲೀಸ್ ದೂರು ದಾಖಲಾಯಿತು. ಉಚಿತ ವಕೀಲರು ಸಿಕ್ಕರು. ಒಂಬತ್ತನೆಯ ದಿನ ದಾವೆ ಸಲ್ಲಿಕೆಯಾಯಿತು. ಅರ್ಜಿಯ ಕೊನೆಯಲ್ಲಿ ಅಕ್ಷಯಾ ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

ನಿಮಗೋ ನಿಮ್ಮವರಿಗೋ ಬಾಲ್ಯದಲ್ಲಿ ಹೀಗಾಗಿದೆಯೇ? ತಪ್ಪು ನಿಮ್ಮದಲ್ಲ. ಕಾಲ ಮೀರಿತೆಂದು ಮನೆಯಲ್ಲೇ ಕೂತು ತೀರ್ಮಾನಿಸಬೇಡಿ. ಇಪ್ಪತ್ತೊಂದು ದಾಟಿದ್ದರೂ ದೂರು ಕೊಡುವ, ಪರಿಹಾರ ಕೇಳುವ ಬೇರೆ ದಾರಿಗಳಿರಬಹುದು. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಕಾನೂನು ನೆರವಿಗೆ 15100. ಮಗು ಈಗ ಅಪಾಯದಲ್ಲಿದ್ದರೆ 1098. ಇವತ್ತೇ ಫೋನ್ ಮಾಡಿ, ಏಕೆಂದರೆ ಯಾರದೋ ಹದಿನೇಳು ದಿನದಲ್ಲಿ ಒಂದು ದಿನ ಇಂದು ಕಳೆಯುತ್ತಿದೆ.