ಗಂಗರತ್ನಮ್ಮನವರ ಸ್ಮರಣಾರ್ಥ

"ಯಾವಳ್ಲೇ ಅದು, ಇಲ್ಲಿ ಗಡಿಗೆ ಇಟ್ಟಿರೋ ಮುಂಡೆ?"

ಕೋದಂಡರಾಮಪ್ಪ ಕಾರಿನಿಂದ ಇಳಿಯುವ ಮೊದಲೇ ಬೈಗುಳ ಇಳಿಯಿತು. ನರಸಾಪುರದ ಹೊಂಗೆಮರದ ಕೆಳಗೆ ಎರಡನೇ ಶಿಫ್ಟಿನ ಬಸ್ಸು ಕಾಯುತ್ತಿದ್ದ ನಾವೆಲ್ಲ ತಲೆ ತಗ್ಗಿಸಿದೆವು. ನಮ್ಮನ್ನು ಫ್ಯಾಕ್ಟರಿಗೆ ಕಳಿಸುವ ಏಜೆನ್ಸಿ ಅವನದು. ಅವನ ಲಿಸ್ಟಿನಲ್ಲಿ ಹೆಸರಿದ್ದರೆ ಕೆಲಸ, ಇಲ್ಲದಿದ್ದರೆ ಮನೆ. ತಲೆ ತಗ್ಗಿಸದವಳು ನಮ್ಮಮ್ಮ ಒಬ್ಬಳೇ. ಗಡಿಗೆ ಅವಳದು.

"ನಾನೇ ಸ್ವಾಮಿ, ಮುನಿಯಲ್ಲಮ್ಮ," ಅಂದಳು, ಲೋಟದ ತುಂಬ ನೀರು ಬಗ್ಗಿಸಿ ಒಬ್ಬ ಬಿಹಾರಿಯ ಕೈಗೆ ಕೊಡುತ್ತಾ.

"ಕಾಲೋನಿಯೋಳು ಊರಿಗೆಲ್ಲ ನೀರ್ ಕುಡ್ಸಕ್ಕೆ ನಿಂತ್ಯಾ? ಯಾರ್ನ ಕೇಳಿ ಇಟ್ಟೆ?"

"ಬಾಯಾರ್ದೋರ್ನ ಕೇಳಿ."

ಹಿಂದೆ ಯಾರೋ ಕಿಸಕ್ಕೆಂದರು. ಕೋದಂಡರಾಮಪ್ಪ ಗಡಿಗೆಯನ್ನು ನೋಡಿದ, ಸಾಲಾಗಿ ನಿಂತ ಜನರನ್ನು ನೋಡಿದ. ಏನೋ ಲೆಕ್ಕ ಹಾಕಿದವನಂತೆ ಕಾರು ಹತ್ತಿ ಹೋದ.

ಯುಗಾದಿ ಕಳೆದ ಮೇಲೆ ಅಮ್ಮ ಇದನ್ನು ಶುರುಮಾಡಿದ್ದಳು. ಊರಾಚೆಯ ನಮ್ಮ ಕಾಲೋನಿಯ ನಲ್ಲಿಯಿಂದ ದಿನಕ್ಕೆ ನಾಲ್ಕು ಬಿಂದಿಗೆ, ತಲೆಯ ಮೇಲೆ. "ಮಂಡಿ ನೋವು ಅಂತ ರಾತ್ರಿಯೆಲ್ಲ ನರಳ್ತೀಯ, ಪುಣ್ಯ ಕಟ್ಕೊಳ್ಳೋ ಹುಚ್ಚು ಬೇರೆ" ಎಂದು ನಾನು ರೇಗುತ್ತಿದ್ದೆ. ಅವಳಿಗೆ ಪುಣ್ಯಗಿಣ್ಯದ ಯೋಚನೆಯೇ ಇರಲಿಲ್ಲ. ಆರು ಸ್ಟೀಲ್ ಲೋಟ ತಂದು, ಬೂದಿ ಹಾಕಿ ತಿಕ್ಕಿ, ಹಲಗೆಯ ಮೇಲೆ ಜೋಡಿಸಿಟ್ಟಿದ್ದಳು. ಅವಳ ಜೀವವೆಲ್ಲ ಆ ಲೋಟಗಳಲ್ಲಿತ್ತು.

ನಾನು ಚಿಕ್ಕವಳಿದ್ದಾಗ ನಾವಿಬ್ಬರೂ ಕೋದಂಡರಾಮಪ್ಪನ ತೋಟದಲ್ಲಿ ಟೊಮೆಟೊ ಬಿಡಿಸುತ್ತಿದ್ದೆವು. ಬಿಸಿಲೇರಿದಾಗ ಅವನ ತಾಯಿ ಗಂಗರತ್ನಮ್ಮ ಪಂಪುಮನೆಯ ಕಟ್ಟೆಯ ಮೇಲೆ ನಿಂತು ಚೊಂಬಿನಿಂದ ನೀರು ಬಿಡುವಳು. ನಾವು ಕೆಳಗೆ ಬೊಗಸೆ ಒಡ್ಡಬೇಕು. ಅರ್ಧ ಬಾಯಿಗೆ, ಅರ್ಧ ಮೊಣಕೈಯಿಂದಿಳಿದು ಮಣ್ಣಿಗೆ. ಅಮ್ಮ "ಇನ್ನೊಂಚೂರು ತಾಯೀ" ಅಂದರೆ, "ಎಮ್ಮೆ ಕುಡ್ದಂಗೆ ಕುಡೀತೀಯಲ್ಲೇ" ಅನ್ನುವಳು. ಇದೇನು ಅಜ್ಜನ ಕಾಲದ ಕಥೆಯಲ್ಲ, ನನಗೀಗ ಇಪ್ಪತ್ತಾರು.

"ನನ್ ಕೈಯಿಂದ ಯಾರ್ ಬೊಗ್ಸೆಗೂ ನೀರ್ ಹುಯ್ಯಲ್ಲ ಕಣೇ ಅನಿತ. ಲೋಟ ಕೈಗ್ ಕೊಡ್ತೀನಿ. ಅದನ್ನ ನಾನು ಕಣ್ಣಲ್ಲಿ ನೋಡ್ಬೇಕು, ಅದಕ್ಕೇ ಇಟ್ಟಿರೋದು," ಅಂದಿದ್ದಳು ಅಮ್ಮ.

ಮಾರನೆ ದಿನ ಅದೇ ಹೊತ್ತಿಗೆ ಕೋದಂಡರಾಮಪ್ಪ ಮತ್ತೆ ಬಂದ, ಈ ಸಲ ನಗುತ್ತಾ. ಪಂಚಾಯ್ತಿ ಚುನಾವಣೆ ಹತ್ತಿರವಿತ್ತು. ಜೊತೆಗೆ ಮದುವೆ ವಿಡಿಯೋ ತೆಗೆಯುವ ಕದಿರೇಶ. ಹೊಂಗೆಮರಕ್ಕೆ ಅವನ ತಾಯಿಯ ದೊಡ್ಡ ಚಿತ್ರವಿದ್ದ ಫ್ಲೆಕ್ಸ್ ಕಟ್ಟಿಸಿದರು: "ಮಾತೃಶ್ರೀ ಗಂಗರತ್ನಮ್ಮನವರ ಸ್ಮರಣಾರ್ಥ ಉಚಿತ ಕುಡಿಯುವ ನೀರು. ದಾನಿಗಳು: ಶ್ರೀ ಕೋದಂಡರಾಮಪ್ಪ." ಅದರ ಕೆಳಗೆ ನಮ್ಮ ಗಡಿಗೆ.

"ನಿನ್ ಮಗ್ಳು ನಮ್ ಲಿಸ್ಟಲ್ಲೇ ಅವ್ಳೆ ತಾನೇ?" ಅಂದ ಅಮ್ಮನಿಗೆ. "ಸುಮ್ನೆ ನೀರ್ ಕೊಟ್ಕೊಂಡ್ ನಿಂತ್ಕೋ."

ನಾನು ಅಮ್ಮನ ಸೆರಗು ಜಗ್ಗಿ, "ಸುಮ್ನಿರಮ್ಮಾ, ನಿನ್ ಕಾಲಿಗ್ ಬೀಳ್ತೀನಿ," ಅಂದೆ. ಹಾಗಂದಿದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಕದಿರೇಶ ಫೋನು ಎತ್ತಿ ಹಿಡಿದ. "ಅಣ್ಣಾ, ಈ ಸೇವೆ ಮಾಡ್ಬೇಕು ಅಂತ ಯಾಕ್ ಅನ್ನುಸ್ತು? ಎರಡ್ ಮಾತು."

"ಎಲ್ಲಾ ನಮ್ ತಾಯಿಯಿಂದ. ಬಾಯಾರಿ ಬಂದೋರ್ನ ಅವ್ರು ಒಂದಿನಾನೂ ಹಂಗೇ ಕಳ್ಸಿಲ್ಲ. ಕೈಯಾರೆ ನೀರ್ ಹುಯ್ತಿದ್ರು." ಕಣ್ಣೊರೆಸಿಕೊಂಡ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ನನಗೆ ಹೊಟ್ಟೆ ಉರಿದದ್ದೇ ಅದಕ್ಕೆ.

ಕದಿರೇಶ ಫೋನನ್ನು ಅಮ್ಮನ ಕಡೆ ತಿರುಗಿಸಿದ. "ಅಮ್ಮಾ, ನೀವ್ ಯಾಕ್ ಈ ಕೆಲ್ಸ ಮಾಡ್ತಿದೀರ?"

"ನನ್ಗೂ ಅವ್ರಮ್ಮನೇ ಸ್ವಾಮಿ," ಅಂದಳು ಅಮ್ಮ. "ಅವ್ರಿಂದಾನೇ ನಾನ್ ಇದ್ನ ಇಟ್ಟಿದ್ದು."

ಕೋದಂಡರಾಮಪ್ಪ ಹಿಗ್ಗಿಹೋದ.

"ಅಣ್ಣಾ, ಅವ್ರ್ ಕೈಲಿ ಒಂದ್ ಲೋಟ ಇಸ್ಕೊಂಡ್ ಕುಡೀರಿ. ವಿಡಿಯೋ ಸೂಪರಾಗ್ ಬರ್ತದೆ."

ಅಮ್ಮ ಲೋಟ ತುಂಬಿಸಿ ಮುಂದೆ ಹಿಡಿದಳು. ಅವನ ಕೈ ಮುಂದೆ ಬಂದು ಅರ್ಧಕ್ಕೇ ನಿಂತಿತು. "ಎಲ್ರೂ ಕಚ್ಚಿ ಕುಡ್ದಿರೋ ಲೋಟ..." ಎಂದು ನಕ್ಕ. ಬಗ್ಗಿ ಬೊಗಸೆ ಒಡ್ಡಿದ. "ಇಲ್ಲಿಗ್ ಹಾಕಮ್ಮಾ."

"ನಿಮ್ಮಮ್ಮ ಬೊಗ್ಸೆಗೆ ಹುಯ್ತಿದ್ರು. ನಾನ್ ಹುಯ್ಯಲ್ಲ. ಲೋಟ ತಗೊಳ್ಳಿ."

ಕೋದಂಡರಾಮಪ್ಪ ಮುಖದ ನಗು ಹಾಗೇ ಇಟ್ಟುಕೊಂಡು ಹಲ್ಲು ಕಚ್ಚಿ, "ಹುಯ್ಯೇ ಬೋಸುಡಿ, ವಿಡಿಯೋ ಓಡ್ತೈತೆ. ನಾಳೆಯಿಂದ ನಿನ್ ಮಗ್ಳು ಅದೆಂಗ್ ಬಸ್ ಹತ್ತಾಳೋ ನೋಡ್ತೀನಿ," ಅಂದ.

ಅಷ್ಟರಲ್ಲಿ ಬಸ್ಸು ಬಂತು, ಹಾರನ್ ಹೊಡೆಯಿತು. ಅಮ್ಮ ಲೋಟವನ್ನು ಹಾಗೇ ಮುಂದೆ ಹಿಡಿದಿದ್ದಳು. ಲಿಸ್ಟಿನಲ್ಲಿ ನನ್ನ ಹೆಸರು ಉಳಿಯಬೇಕಾದರೆ ನಾನು ಆ ಲೋಟ ಕಿತ್ತು ಅವನ ಬೊಗಸೆಗೆ ಸುರಿಯಬೇಕಿತ್ತು. ಮುಂದೆ ಹೋಗಿ ಕಿತ್ತುಕೊಂಡೆ. ತುಟಿಗಿಟ್ಟು, ಗಟಗಟ ಕುಡಿದುಬಿಟ್ಟೆ. ಆಮೇಲೆ ಹಲಗೆಯಿಂದ ಇನ್ನೊಂದು ಲೋಟ ತೆಗೆದು, ತುಂಬಿಸಿ, ಅವನ ಮುಂದೆ ಹಿಡಿದೆ.

"ಇದು ತೊಳ್ದಿರೋ ಲೋಟ ಸಾರ್. ಯಾರೂ ಕಚ್ಚಿಲ್ಲ. ತಗೊಳ್ಳಿ."

ಬಸ್ಸು ಇನ್ನೊಮ್ಮೆ ಹಾರನ್ ಹೊಡೆಯಿತು. ಸಾಲಿನಲ್ಲಿದ್ದ ಒಬ್ಬರೂ ಹತ್ತಲಿಲ್ಲ. ಕದಿರೇಶನ ಫೋನು ಇನ್ನೂ ಓಡುತ್ತಿತ್ತು. ತಾಯಿಯ ಚಿತ್ರದ ಕೆಳಗೆ ಕೋದಂಡರಾಮಪ್ಪ ಬಗ್ಗಿ ನಿಂತೇ ಇದ್ದ, ಖಾಲಿ ಬೊಗಸೆ ಒಡ್ಡಿಕೊಂಡು.