ಹಾಲವ್ವನ ತುಟಿ

ತಂಗಿ ಹಾಲವ್ವನಿಗೆ ಹದಿನಾಲ್ಕು ವರ್ಷ. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಎದುರಿದ್ದವರ ಮೇಲೆ ಬೀಸುತ್ತಿದ್ದಳು. ಬರಗಾಲ ಮುಗಿದ ಮರುವರ್ಷ ಮುಚ್ಚಂಡಿಯ ಸಾಲೆಯಲ್ಲಿ ಒಬ್ಬಳ ತಲೆಯ ಮೇಲೆ ಬರೆಯುವ ಪಾಟಿ ಒಡೆದಳು. ಇನ್ನೊಮ್ಮೆ ಕೈ ಎತ್ತಿದರೆ ಹೆಸರು ತೆಗೆಯುತ್ತೇವೆ ಎಂದರು ಹೆಡ್‌ಮಾಸ್ತರರು. ನಾನು ಬೇಗ ಸಾಲೆ ಬಿಟ್ಟವಳು. ಅವಳಾದರೂ ಓದಲಿ ಎಂದು ನನಗಿತ್ತು.

ಅಲ್ಲಿನ ಮಾಸ್ತರಣಿ ಇಂದ್ರಾಬಾಯಿಯವರು ಸಾಂಗಲಿಯ ಶಿಕ್ಷಕರ ಶಿಬಿರದಲ್ಲಿ ಕಲಿತು ಬಂದದ್ದನ್ನು ಅವಳಿಗೆ ಹೇಳಿಕೊಟ್ಟರು. ಸಿಟ್ಟು ಬಂದಾಗ ತನಗೆ ತಾನೇ ಹೇಳಿಕೊಳ್ಳಬೇಕು: "ಹಾಲವ್ವ, ತಡಿ. ಕೈ ಕೆಳಗಿಡು. ಏನಾತು ನೋಡು." ಮೊದಲು ಜೋರಾಗಿ, ರೂಢಿಯಾದ ಮೇಲೆ ಪಿಸುಗುಟ್ಟಿ, ಕೊನೆಗೆ ಮನಸ್ಸಿನಲ್ಲೇ. ಮನೆಯಲ್ಲಿ ನೆನಪಿಸುವ ಕೆಲಸ ನನ್ನದು. ಹಟ್ಟಿಯ ಹಿಂದೆ ಕೂತು ಇಬ್ಬರೂ ಹೇಳುತ್ತಿದ್ದೆವು. ಪಿಸುಮಾತಿಗೆ ಬಂದಾಗ ನನಗೆ ಹಿಗ್ಗು. ಆಡು ಒದ್ದು ಹಾಲು ಚೆಲ್ಲಿದ ದಿನ ಅವಳು ಕೋಲು ಎತ್ತಿದಳು, ತುಟಿ ಅದುರಿತು, ಕೋಲು ಕೆಳಗಿಟ್ಟಳು.

ಅಜ್ಜಿ ಅದನ್ನು ನೋಡಿದಳು.

ನಮ್ಮ ಕುರಿಕಾರರಲ್ಲಿ ಧ್ವನಿಯಿಲ್ಲದೆ ತುಟಿ ಅದುರಿದರೆ ಬೀರಪ್ಪ ಮೈಮೇಲೆ ಬರುತ್ತಿದ್ದಾನೆಂದೇ ಅರ್ಥ. ಅಜ್ಜಿ ಓಡಿಹೋಗಿ ಅರಿಷಿಣದ ಭಂಡಾರ ತಂದು ಅವಳ ಹಣೆಗೆ ಮೆತ್ತಿದಳು. ಮೊನ್ನೆಯವರೆಗೆ ಅವಳನ್ನು ಬಾರುಕೋಲಿನಿಂದ ಹೊಡೆಯುತ್ತಿದ್ದ ದೊಡ್ಡಪ್ಪ ಶಿದ್ರಾಯ ಅವಳ ಕಾಲಿಗೆ ಬಿದ್ದ.

"ಆಯಿತವಾರ ಗುಡಿ ಮುಂದ ಕುಂದ್ರಸೂಣು," ಅಂದ. "ಇನ್ನ ಸಾಲಿ ಗೀಲಿ ಬ್ಯಾಡ. ದ್ಯಾವರ ಹುಡಿಗಿ."

ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅವಳು ಕೋಲು ಬೀಸಿದರೂ ಸಾಲೆ ಹೋಗುತ್ತದೆ, ಬೀಸದಿದ್ದರೂ ಹೋಗುತ್ತದೆ. ಹೇಗೋ ಧೈರ್ಯ ಮಾಡಿ, "ದೊಡ್ಡಪ್ಪಾ, ಅದು ಸಾಲಿ ಬಾಯಾರು ಕಲಿಸಿದ್ದರಿ," ಎಂದೆ.

"ಬಾಯಾರಿಗೆ ಯಾರ ಕಲಿಸ್ಯಾರವ್ವ?" ದೊಡ್ಡಪ್ಪ ನಕ್ಕ. "ಎಂದೂ ಪಿಟ್ಟ ಅನ್ನದಾಕಿ, ನೀ ಸುದ್ದಾ ಇವತ್ತ ಮಾತಾಡಿದಿ. ಅದೂ ಬೀರಪ್ಪನ ಮಹಿಮಾನ!"

ಭಾನುವಾರ ಅವಳನ್ನು ಕಂಬಳಿಯ ಮೇಲೆ ಕೂರಿಸಿ ಡೊಳ್ಳು ಬಡಿದರು. ಟಗರು ಕಳೆದುಕೊಂಡ ದುಂಡಪ್ಪ ಮುಂದೆ ಬಂದ. "ನನ್ನ ಟಗರ ಎತ್ತಾಗ ಹೋತ, ತಾಯಿ?"

ಹಾಲವ್ವನ ಮುಖ ಕೆಂಪೇರಿತು. ಮುಷ್ಟಿ ಬಿಗಿಯಿತು. ತುಟಿ ಇನ್ನೇನು ಅದುರಬೇಕು, ನನ್ನತ್ತ ನೋಡಿದಳು. ನಾನು ನನ್ನ ತುಟಿಗಳನ್ನು ಗಟ್ಟಿಯಾಗಿ ಒತ್ತಿ ಹಿಡಿದು ತೋರಿಸಿದೆ. ಮನಸ್ಸಿನಲ್ಲೇ ಹೇಳಿಕೋ ಎಂದರ್ಥ; ಅದನ್ನು ನಾವಿನ್ನೂ ಶುರು ಮಾಡಿರಲಿಲ್ಲ. ಅವಳೂ ತುಟಿ ಮುಚ್ಚಿದಳು. ಡೊಳ್ಳು ಬಡಿದೇ ಬಡಿದರು. ತುಟಿ ಅಲುಗಲಿಲ್ಲ.

"ನಿನ್ನ ಟಗರ ಯಾರರೆ ಕುದಿಸಿ ತಿಂದಿರಬೇಕೋ, ದ್ಯಾವರಿಗ್ಯಾಕ ತ್ರಾಸ ಕೊಡ್ತಿ?" ಎಂದು ಯಾರೋ ಕೂಗಿದರು. ಜನ ನಗುತ್ತ ಎದ್ದರು.

"ಬೀರಪ್ಪ ಹ್ವಾದ," ಎಂದ ದೊಡ್ಡಪ್ಪನ ಮುಖ ಸಪ್ಪಗಾಯಿತು. ಹಾಲವ್ವನ ಕಿವಿ ಹಿಂಡಿದ. "ಏಳ, ಕಳ್ಳಿ! ನಾಳಿ ಸಾಲಿಗೆ ಹಾಳಾಗಿ ಹೋಗ!"

ಅವಳ ಕೈ ಮೇಲೆದ್ದಿತು. ಕೈ ಕೆಳಗಿಳಿಯಿತು.

ಮನೆಗೆ ಬರುವಾಗ, "ಮನಸಿನ್ಯಾಗ ಬರೋಬರಿ ಹೇಳ್ಕೊಂಡಿ ಹೌದಲ್ಲ?" ಎಂದು ಕೇಳಿದೆ.

"ನಾ ಏನೂ ಹೇಳ್ಕೊಳ್ಳಲಿಲ್ಲಕ್ಕ," ಎಂದಳು. "ಎಲ್ಲಾ ಮರ್ತಿತ್ತು. ಒಳಗ ಯಾರೋ 'ತಡಿ' ಅಂದ್ರು."

ಮರುದಿನ ಬೆಳಿಗ್ಗೆ ಅವಳ ಜಡೆ ಹೆಣೆದು ಸಾಲೆಗೆ ಕಳಿಸಿದೆ. 'ತಡಿ' ಅಂದವರು ಯಾರು ಎಂದು ಕೇಳಲಿಲ್ಲ.